ಪುಸ್ತಕದಲ್ಲಿಲ್ಲದ ಬಾಗಿಲು

ಆ ಮಧ್ಯಾಹ್ನ ನಾನು ಸೇಡಂನ ಕಾಲೇಜಿನಲ್ಲಿ ಎರಡನೆಯ ವರ್ಷದವರಿಗೆ ಇತಿಹಾಸದ ಪಾಠ ಮಾಡುತ್ತಿದ್ದೆ. ಶಹಾಬಾದಿನಿಂದ ಭಾವಮೈದುನನ ಫೋನು ಎರಡು ಸಲ ಬಂದು ನಿಂತಿತು. ಮೂರನೆಯ ಸಲ ವರಾಂಡಕ್ಕೆ ಹೋಗಿ ಎತ್ತಿಕೊಂಡೆ.

"ಭಾವ, ಕೂಸು ಸಿಕ್ಕಾದ. ಮದಲ ಅದನ್ನ ಕೇಳ್ರಿ. ಸಿಕ್ಕಾದ, ಛಲೋ ಅದ."

"ಸಿಕ್ಕಾದ ಅಂದ್ರ? ಎಲ್ಲಿ ಹೋಗಿತ್ತು?"

ಅವನು "ಖಣಿಗಿ," ಅಂದ.

ಶಹಾಬಾದಿನವರಿಗೆ ಆ ಒಂದು ಮಾತು ಸಾಕು. ಊರಿನ ಸುತ್ತ ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಿವೆ. ಕಲ್ಲನ್ನು ಪದರ ಪದರವಾಗಿ ಎಬ್ಬಿಸಿದ್ದರಿಂದ ಅವುಗಳ ಬದಿಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಮಳೆಗಾಲ ಮುಗಿದ ಮೇಲೆ ನೀರು ಹಸಿರಾಗಿ ಅಲುಗಾಡದೆ ನಿಲ್ಲುತ್ತದೆ. ಎರಡು ಮೆಟ್ಟಿಲು ಕಾಣುತ್ತವೆ, ಮೂರನೆಯದು ಇದೆಯೋ ಇಲ್ಲವೋ ಇಳಿದವನಿಗೇ ಗೊತ್ತಾಗಬೇಕು.

ನನ್ನ ಮಗಳಿಗೆ ಹತ್ತು ವರ್ಷ. ದಸರಾ ರಜೆಗೆಂದು ಅಜ್ಜಿಯ ಮನೆಗೆ ಕಳಿಸಿದ್ದೆ. ಅವಳ ತಾಯಿ, ಎಂದರೆ ನನ್ನ ಹೆಂಡತಿ, ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಸೇಡಂನಿಂದ ವಾಡಿಗೆ ಹೋಗುವ ಪ್ಯಾಸೆಂಜರ್ ಹಿಡಿದೆ. ಚಿತ್ತಾಪುರದಲ್ಲಿ ಗಾಡಿ ನಿಂತಾಗ ಇಳಿದು ಓಡಬೇಕೆನಿಸಿತು, ಓಡಿದರೆ ಗಾಡಿಗಿಂತ ಮೊದಲೇ ಮುಟ್ಟುತ್ತೇನೆಂಬಂತೆ. ವಾಡಿಯಲ್ಲಿ ಗಾಡಿ ಬದಲಿಸಿದೆ. ಮಗಳು ಸಿಕ್ಕಿದ್ದಾಳೆ, ಛಲೋ ಇದ್ದಾಳೆ ಎಂದು ಅವನು ಮೊದಲೇ ಹೇಳಿದ್ದ. ಆದರೂ ದಾರಿಯುದ್ದಕ್ಕೂ ಅವಳು ಸಿಗಲಿಲ್ಲ ಎಂಬ ಸುದ್ದಿಯನ್ನೇ ನನಗೆ ನಾನು ಹೇಳಿಕೊಳ್ಳುತ್ತಿದ್ದೆ.

ನಡೆದದ್ದು ಇಷ್ಟು. ಬೆಳಿಗ್ಗೆ ಅಜ್ಜಿ ಸಂತೆಗೆ ಹೋದಾಗ ಮಗಳು ಅಡುಗೆ ಮನೆಯಿಂದ ಜೋಳದ ರೊಟ್ಟಿ, ಪುಂಡಿ ಪಲ್ಯ ಡಬ್ಬಿಗೆ ಹಾಕಿಕೊಂಡು ಒಬ್ಬಳೇ ಖಣಿಗೆ ಹೋಗಿದ್ದಳು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಭಾವಮೈದುನ ಊಟಕ್ಕೆ ಬಂದವನು ಅವಳನ್ನು ಕಾಣದೆ ಹುಡುಕುತ್ತ ಹೋದ. ಅವಳು ನೀರಿಗೆ ಹತ್ತಿದ ಕೊನೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳಂತೆ. ಚಪ್ಪಲಿ ಬಿಚ್ಚಿ ಜೋಡಿಸಿಟ್ಟಿದ್ದಳು. ಅರ್ಧ ರೊಟ್ಟಿ ನೀರ ಮೇಲೆ ತೇಲುತ್ತಿತ್ತು. ಕೂಗಿದರೆ ಬೆದರಿ ಜಾರಬಹುದೆಂದು ಅವನು ಕೂಗದೆ, ಹಿಂದಿನಿಂದ ಇಳಿದು, ಅವಳ ಲಂಗದ ತುದಿ ಹಿಡಿದುಕೊಂಡ. ಅವಳು ತಿರುಗಿ ನೋಡಿ, "ಮಾಮಾ, ಗದ್ದಲ ಮಾಡಬ್ಯಾಡ, ಬಾಗಿಲು ತೆರಿಯೋ ಹೊತ್ತಾಯ್ತು," ಅಂದಳಂತೆ.

ನಾನು ಮುಟ್ಟಿದಾಗ ಅವಳು ಒಳಮನೆಯಲ್ಲಿ ಮಲಗಿದ್ದಳು. ನನ್ನ ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಎದ್ದು ನೀರು ಕೊಡಲಿಲ್ಲ, ಬರ್ರಿ ಕುಂದ್ರಿ ಎನ್ನಲಿಲ್ಲ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

"ಏನು ಬಾಗಿಲರಿ ಅದು?" ಅಂದರು. "ಯಾವ ಬಾಗಿಲು? ಕೇಳಿದ್ರ ನೀರಿನ ತೆಳಗ ಬಾಗಿಲು ಅದ, ಮಮ್ಮಿ ಅಲ್ಲಿ ಕುಂತಾಳ, ಹಸಿದಿರತಾಳ ಅಂತದ. ಆ ನಿಮ್ಮ ಪುಸ್ತಕದಾಗಿಂದೇ ಅಲ್ಲ ಇದು?"

ಆ ಪುಸ್ತಕಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಐದು ಇಂಗ್ಲಿಷ್ ಪುಸ್ತಕಗಳ ಮಾಲಿಕೆ ಅದು, ಐದೂ ಸಿನಿಮಾ ಆಗಿವೆ. ಸೇಡಂನಲ್ಲಿ ಅವುಗಳ ಚಿತ್ರವಿರುವ ಕಂಪಾಸ್ ಬಾಕ್ಸು, ಸ್ಕೂಲ್ ಬ್ಯಾಗು ಸಿಗುತ್ತವೆ. ಒಂದು ಊರಿನವರ ನೆರಳುಗಳೆಲ್ಲ ಕಳುವಾಗುತ್ತವೆ. ಒಬ್ಬ ಹುಡುಗಿ ಒಂದೇ ಕಿವಿಯ ಹೇಸರಗತ್ತೆಯ ಜೊತೆ ಅವನ್ನು ಹುಡುಕಿಕೊಂಡು ಹೋಗುತ್ತಾಳೆ. ಕಥೆ ಇಷ್ಟೇ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲೂ ಅದರ ಮೇಲೆ ಜಗಳಗಳಾಗಿದ್ದವು. ನಿವೃತ್ತಿಗೆ ಹತ್ತಿರವಿದ್ದ ಕನ್ನಡ ಮೇಷ್ಟರು, "ನಮ್ಮ ಕಡಿ ಕಥಿ ಬರಗಾಲ ಬಿದ್ದದೇನ್ರಿ ಸರ್? ಹೊರಗಿನ ಹೇಸರಗತ್ತಿ ತಂದು ಮೇಸ್ಲಿಕತ್ತೀರಿ," ಎಂದು ನನ್ನನ್ನು ಕೆಣಕುತ್ತಿದ್ದರು. ಇಂಗ್ಲಿಷ್ ಮೇಡಂ, "ಮೂರರ ತನಕ ಛಲೋ ಅವ ಸರ್. ಆಮ್ಯಾಲ ಬರದವ್ರಿಗೂ ನಿದ್ದಿ ಬಂದಿತ್ತು ಅನಸ್ತದ," ಅನ್ನುತ್ತಿದ್ದರು. ನಾನು ಪುಸ್ತಕಗಳ ಪಕ್ಷ. ಸಿನಿಮಾಗಳನ್ನು ಕಂಡರೆ ನನಗಾಗದು. ಪುಸ್ತಕದ ಹುಡುಗಿಗೆ ಮುಂದಿನ ಹಲ್ಲು ಬಿದ್ದಿದೆ, ಸಿನಿಮಾದವಳಿಗೆ ತುಟಿಗೆ ಬಣ್ಣ ಇದೆ ಎಂದು ನಾನು ಎಷ್ಟು ಸಲ ಹೇಳಿದ್ದೆನೋ.

ಆ ದಿನವೂ ಅದನ್ನೇ ಮಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಮಗಳು ಒಳಗೆ ಮಲಗಿರುವಾಗ, ಅವಳ ಚಪ್ಪಲಿಗೆ ಖಣಿಯ ಕೆಸರು ಇನ್ನೂ ಹಸಿಯಿರುವಾಗ, ನಾನು ಅತ್ತೆಗೆ ಗ್ರಂಥಪಾಠ ಹೇಳಿದೆ.

"ಅತ್ತಿ, ಪುಸ್ತಕದಾಗ ಹೋದವರು ಯಾರೂ ತಿರುಗಿ ಬರೂದಿಲ್ಲರಿ. ಮೂರನೇದರಾಗ ಆ ಬಳಿಗಾರ ಮುದುಕಿ ಸಾಫ್ ಹೇಳ್ತಾಳ, ಹೋದವರ ನೆರಳು ಸಿಗತದ, ಹೋದವರು ಸಿಗೂದಿಲ್ಲ ಅಂತ. ನಾನೇ ಗೆರಿ ಎಳದೀನಿ. ಇದು ಪಿಚ್ಚರ್ ನೋಡಿ ಆಗಿದ್ದು."

ಗೋಡೆಗೆ ಒರಗಿ ನಿಂತಿದ್ದ ಭಾವಮೈದುನ ತಲೆ ಎತ್ತಿದ. "ಪಿಚ್ಚರ್‌ದಾಗ ಬಾಗಿಲು ಗೀಗಿಲು ಏನಿಲ್ಲ ಭಾವ. ನಾ ಐದೂ ಎರಡೆರಡು ಸಲ ನೋಡೀನಿ."

"ಹಿಂದಿಯೊಳಗ ನೋಡೀದಿ. ಆ ಡಬ್ಬಿಂಗ್‌ನಾಗ ಏನೇನು ಸೇರಿಸ್ಯಾರೋ."

"ಬಾಗಿಲಿಗಿ ಹಿಂದಿಯೊಳಗೂ ದರ್ವಾಜಾ ಅಂತಾರ. ನಂಗ ತಿಳೀತದ."

ಅತ್ತೆ ನಮ್ಮಿಬ್ಬರ ಮುಖ ನೋಡಿದರು. "ನಿಮ್ಮ ಪುಸ್ತಕ ಹಾಳಾಗ್ಲಿ, ಅವನ ಪಿಚ್ಚರ್ ಹಾಳಾಗ್ಲಿ," ಅಂದರು. ಆಮೇಲೆ ಕೆಳದನಿಯಲ್ಲಿ ಒಂದು ಮಾತು ಹೇಳಿದರು. "ನೀವು ಎಡಿ ಇಡ್ಲಿಕ್ಕೆ ಬಿಡಲಿಲ್ಲ. ಕೂಸು ತಾನೇ ಹೋಗಿ ಇಟ್ಟು ಬಂದದ."

ಇದಕ್ಕೆ ಹಿನ್ನೆಲೆ ಬೇಕು. ನನ್ನ ಹೆಂಡತಿಯ ತವರಿನವರು ಕಾಗಿಣಾ ಹೊಳೆಯ ದಂಡೆಯವರು. ಅವರ ಅಜ್ಜಂದಿರು ಸೇತುವೆಗಳಿಲ್ಲದ ಕಾಲದಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದರು. ಈಗ ಮಕ್ಕಳು ಕಲ್ಲಿನ ಕೆಲಸ, ಕೂಲಿ, ಅಂಗಡಿ ಎಂದು ಚದುರಿದ್ದಾರೆ. ಹೋದವರಿಗೆ ಅವರು ಎಡೆಯನ್ನು ಮನೆಯ ಮಾಳಿಗೆಯ ಮೇಲೆ ಕಾಗೆಗೆ ಇಡುವುದಿಲ್ಲ. ಹೋದವರು ಇಷ್ಟಪಟ್ಟಿದ್ದ ಅಡುಗೆ ಮಾಡಿ, ಮುತ್ತುಗದ ಎಲೆಯಲ್ಲಿಟ್ಟು, ಹೊಳೆಯ ನೀರಿಗೆ ಬಿಡುತ್ತಾರೆ. ಮೂರು ವರ್ಷ ಬಿಡಬೇಕು. ನಾನು ಬೇಡವೆಂದಿದ್ದೆ. ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಇತಿಹಾಸ ಓದಿದವನು ನಾನು. ಯಾವ ಮಾತನ್ನೂ ಆಕರ ಕೇಳದೆ ನಂಬಬಾರದು ಎಂದು ಕಲಿತು, ಅದನ್ನೇ ಕಲಿಸಿ ಉಣ್ಣುತ್ತಿರುವವನು. ಸತ್ತವರು ತಿನ್ನುತ್ತಾರೆಂದು ಮಗುವಿಗೆ ಸುಳ್ಳು ಹೇಳಿಕೊಡುವುದು ಬೇಡ ಎಂದಿದ್ದೆ. ಆ ವರ್ಷ ದಸರಾಕ್ಕೆ ಮುಂಚೆ ಬಂದ ಮಹಾಲಯ ಅಮಾವಾಸ್ಯೆಗೆ ಓಣಿಯ ಮನೆಗಳಲ್ಲೆಲ್ಲ ಹಿರಿಯರಿಗೆ ಎಡೆ ಇಡುವಾಗ ಮಗಳು, "ನಮ್ಮ ಮಮ್ಮಿಗಿ ಯಾಕಿಲ್ಲ?" ಎಂದು ಕೇಳಿದ್ದಳು. ನಾನೇನು ಹೇಳಿದೆ ನೆನಪಿಲ್ಲ. ಏನೋ ತಿಳುವಳಿಕೆಯ ಮಾತು ಹೇಳಿರಬೇಕು.

ಮಗಳನ್ನು ಸೇಡಂಗೆ ಕರೆತಂದೆ. ಅತ್ತೆಯೂ ಒಂದು ಚೀಲ ಹಿಡಿದು ಜೊತೆಗೆ ಬಂದರು. "ನೀವು ಕಾಲೇಜಿಗಿ ಹೋಗ್ತೀರಿ. ಕೂಸಿನ ಹಿಂದ ನಾ ಇರ್ತೀನಿ. ಆದ್ರ ಆ ಪುಸ್ತಕ ಮನಿಯಾಗಿದ್ರ ನಾ ಹಂಡೆದ ಒಲಿಗಿ ಹಾಕ್ತೀನಿ, ಈಗೇ ಹೇಳೀನಿ," ಅಂದರು. ನಾನು ಒಂದು ವಾರದ ಸಮಯ ಕೇಳಿಕೊಂಡೆ. ಮುದುಕಿಯ ಆ ಮಾತನ್ನು ತೋರಿಸುತ್ತೇನೆ, ಓದಿ ಹೇಳುತ್ತೇನೆ, ಆಮೇಲೆ ನಿಮ್ಮ ಇಷ್ಟ ಎಂದೆ.

ಐದೂ ಪುಸ್ತಕಗಳನ್ನು ಕಾಲೇಜಿಗೆ ಒಯ್ದು, ಬಿಡುವಿದ್ದಾಗಲೆಲ್ಲ ಗ್ರಂಥಾಲಯದ ಮೂಲೆಯಲ್ಲಿ ಕೂತು ಓದಿದೆ. ಮೂರನೆಯದನ್ನು ಮೊದಲು ತೆಗೆದೆ. ಬಳೆಗಾರ ಮುದುಕಿ ಇದ್ದಳು. ಆ ಮಾತು ಇರಲಿಲ್ಲ. ನಾನು ಎಳೆದ ಗೆರೆಯೂ ಇರಲಿಲ್ಲ. ಪುಟ ಹರಿದಿರಬಹುದೆಂದು ಅಂಕಿಗಳನ್ನು ನೋಡಿದೆ, ಎಲ್ಲ ಸರಿಯಾಗಿದ್ದವು. ಬೇರೆ ಪುಸ್ತಕದಲ್ಲಿರಬಹುದೆಂದು ಒಂದನೆಯದರಿಂದ ಸಾಲು ಸಾಲಾಗಿ ಓದುತ್ತ ಬಂದೆ. ಎಲ್ಲಿಯೂ ಇಲ್ಲ. ಐದನೆಯದರ ಕೊನೆಯಲ್ಲಿ ಹುಡುಗಿಯ ಸತ್ತ ಅಣ್ಣನ ನೆರಳು ಎದ್ದು ನಿಂತು ಅವಳ ಜಡೆ ಎಳೆಯುತ್ತದೆ, ಅವಳು ನಗುತ್ತಾಳೆ. ಅದು ನನಗೆ ಪೂರ್ತಿ ಮರೆತುಹೋಗಿತ್ತು. ಹೋದವರು ಬರುವುದಿಲ್ಲವೆಂದು ನಾನು ಶಹಾಬಾದಿನಲ್ಲಿ ಎದೆ ತಟ್ಟಿ ಹೇಳಿದ ಪುಸ್ತಕದಲ್ಲಿ ಹೋದವನೊಬ್ಬ ಬಂದು ಜಡೆ ಎಳೆಯುತ್ತಿದ್ದ. ಆದರೆ ನೀರು ಎಲ್ಲಿಯೂ ಇರಲಿಲ್ಲ. ಆ ಕಥೆ ನಡೆಯುವುದು ಉಪ್ಪಿನ ಮರುಭೂಮಿಯಲ್ಲಿ. ನೀರಿನ ಕೆಳಗೆ ಬಾಗಿಲು ಇರಲಿಕ್ಕೆ ನೀರೇ ಇಲ್ಲ.

ಭಾನುವಾರ ಭಾವಮೈದುನ ಯಾರದೋ ಲ್ಯಾಪ್‌ಟಾಪಿನಲ್ಲಿ ಐದೂ ಸಿನಿಮಾ ಹಾಕಿಕೊಂಡು ಬಂದ. ಬೆಳಿಗ್ಗೆ ಕೂತವರು ದೀಪ ಹಚ್ಚುವ ತನಕ ನೋಡಿದೆವು. ಮಗಳು ಅವನ ತೊಡೆಗೆ ಒರಗಿ ಕೂತಿದ್ದಳು. ಅತ್ತೆ ಅಡುಗೆ ಮನೆಯ ಬಾಗಿಲಲ್ಲಿ ನಿಂತು, ನೋಡುವುದಿಲ್ಲ ಎಂದು ಹೇಳುತ್ತಲೇ ನೋಡಿದರು. ಹೇಸರಗತ್ತೆ ಮುಂಬೈ ಹಿಂದಿಯಲ್ಲಿ ಮಾತಾಡಿದಾಗ ಅವರಿಗೂ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕೊನೆಯ ಸಿನಿಮಾದಲ್ಲಿ ಅಣ್ಣ ನೆರಳಾಗಿ ಬರುವುದಿಲ್ಲ. ಗುಡ್ಡದ ಮೇಲೆ ಬೆಳಕಾಗಿ ನಿಲ್ಲುತ್ತಾನೆ, ದೊಡ್ಡ ಸಂಗೀತ ಬರುತ್ತದೆ. ಭಾವಮೈದುನ ಕಣ್ಣೊರೆಸಿಕೊಂಡ.

"ಪುಸ್ತಕದಾಗ ಹಿಂಗಿಲ್ಲ," ಅಂದೆ, ಬಾಯಿ ತಡೆಯದೆ.

"ಭಾವ, ನಿಮಗ ನಿಮ್ಮ ಪುಸ್ತಕ ಗೆಲ್ಲಬೇಕು. ನಂಗ ಅಕ್ಕ ನೆನಪಾಗ್ತಾಳ," ಅಂದ ಅವನು. "ಬಾಗಿಲು ಇತ್ತೇನು? ನೋಡಿದ್ರಿಲ್ಲ?"

ಇರಲಿಲ್ಲ. ಐದು ಸಿನಿಮಾದಲ್ಲೂ ಇರಲಿಲ್ಲ.

ಆಗ ಮಗಳ ಕಡೆ ತಿರುಗಿದೆ. ಆ ತನಕ ಅವಳನ್ನು ನೇರವಾಗಿ ಕೇಳಿರಲಿಲ್ಲ. ಏಕೆ ಕೇಳಲಿಲ್ಲವೆಂದು ಈಗ ಯೋಚಿಸಿದರೆ, ಉತ್ತರ ನನಗೆ ಮೊದಲೇ ಗೊತ್ತಿತ್ತೇನೋ ಅನಿಸುತ್ತದೆ. ಆದರೆ ಅದೂ ಆಮೇಲೆ ಹುಟ್ಟಿದ ಅನಿಸಿಕೆಯಿರಬಹುದು.

"ಬಾಗಿಲ ಕಥಿ ಯಾರು ಹೇಳಿದ್ರವ್ವಾ ನಿನಗ?"

ಅವಳು ನನ್ನನ್ನು ನೋಡಿದ ರೀತಿ, ನಾನು ತಮಾಷೆ ಮಾಡುತ್ತಿದ್ದೇನೆಂಬಂತೆ. "ಪಪ್ಪಾ, ನೀನೇ ಹೇಳಿದ್ದಿ. ಟ್ರೇನಿನ್ಯಾಗ."

ನಾನು ಅವಳಿಗೆ ಆ ಪುಸ್ತಕಗಳನ್ನು ಟ್ರೇನಿನಲ್ಲಿ ಹೇಳಿದ್ದು ನಿಜ. ಅವಳಿಗೆ ಇಂಗ್ಲಿಷ್ ಓದಲು ಬರುವ ಮೊದಲು, ಶಹಾಬಾದಿಗೆ ಹೋಗುವಾಗ ಬರುವಾಗ, ಕನ್ನಡದಲ್ಲಿ ಹೇಳುತ್ತಿದ್ದೆ. ಉಪ್ಪಿನ ಮರುಭೂಮಿ ಅವಳಿಗೆ ಹೇಗೆ ತಿಳಿಯಬೇಕು? ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಕಥೆಗೆ ಹಾಕುತ್ತ ಹೋದೆ. ವಾಡಿಯ ಸಿಮೆಂಟಿನ ಚಿಮಣಿಗಳು ನೆರಳುಗಳ್ಳನ ಕೋಟೆಯಾದವು. ಆದಿತ್ಯನಗರದ ಸಾಲುಮನೆಗಳು ನೆರಳಿಲ್ಲದ ಊರಾದವು. ಕಿಟಕಿಯಲ್ಲಿ ಕಾಣದ ಚಿಂಚೋಳಿಯ ಕಾಡು, ಚಂದ್ರಂಪಳ್ಳಿಯ ಕೆರೆ ಕೂಡ ಬಂದವು. ಶಹಾಬಾದಿನ ಖಣಿಗೆ ಏನು ಮಾಡಿದೆ? ಅದನ್ನು ಎಲ್ಲಿಟ್ಟೆ?

ಒಂದು ನೆನಪು ಇದೆ. ಗಾಡಿ ಶಹಾಬಾದನ್ನು ಬಿಟ್ಟಿದೆ, ಖಣಿಯ ಹಸಿರು ನೀರು ಕಿಟಕಿಯಲ್ಲಿ ಹಿಂದೆ ಸರಿಯುತ್ತಿದೆ, ಮಗಳು ನನ್ನ ತೊಡೆಯ ಮೇಲಿದ್ದಾಳೆ, ನಾನು "ಅದರ ತೆಳಗ ಒಂದು ಬಾಗಿಲು ಅದ, ಚಪ್ಪಲಿ ಬಿಚ್ಚಿದವರಿಗಷ್ಟೇ ತೆರೀತದ," ಎನ್ನುತ್ತಿದ್ದೇನೆ. ಎದುರಿನ ಸೀಟಿನಲ್ಲಿ ನನ್ನ ಹೆಂಡತಿ ಕಿವಿಗೆ ಶಾಲು ಸುತ್ತಿಕೊಂಡು ಕೂತು, "ಸುಳ್ಳ ಬುರುಕ," ಎಂದು ನಗುತ್ತಿದ್ದಾಳೆ. ಚಿತ್ರ ಇಷ್ಟು ಸ್ಪಷ್ಟವಾಗಿದೆ. ಆದರೆ ಇದು ನಡೆದಿರಲು ಸಾಧ್ಯವಿಲ್ಲ. ನಾನು ಆ ದಿನ ಹೇಳುತ್ತಿದ್ದದ್ದು ನಾಲ್ಕನೆಯ ಪುಸ್ತಕ, ನನ್ನ ಕೈಯಲ್ಲಿ ಅದರ ಕೆಂಪು ರಟ್ಟು ಕಾಣುತ್ತದೆ. ಆ ಪುಸ್ತಕ ನಮ್ಮ ಮನೆಗೆ ಬಂದದ್ದು ಹೆಂಡತಿ ತೀರಿಕೊಂಡ ಮೇಲೆ; ಮಗುವಿಗೆ ಇರಲಿ ಎಂದು ಇಂಗ್ಲಿಷ್ ಮೇಡಂ ತಂದುಕೊಟ್ಟದ್ದು. ಹಾಗಾದರೆ ಎದುರಿನ ಸೀಟಿನಲ್ಲಿ ಶಾಲು ಸುತ್ತಿಕೊಂಡು ಕೂತವರು ಯಾರು? ಪುಸ್ತಕ ತಪ್ಪೋ, ಅವಳು ತಪ್ಪೋ? ಅಥವಾ ಬಾಗಿಲಿನ ಮಾತನ್ನು ಆಡಿದ್ದು ಅವಳು, ನಗುತ್ತ ಕೂತದ್ದು ನಾನು, ಎರಡು ವರ್ಷದಲ್ಲಿ ನಾವಿಬ್ಬರೂ ಜಾಗ ಬದಲಿಸಿಕೊಂಡೆವೋ?

ವಿದ್ಯಾರ್ಥಿಯೊಬ್ಬ ಇಂಥ ಸಾಕ್ಷ್ಯವನ್ನು ಪ್ರಬಂಧದಲ್ಲಿ ತಂದರೆ ನಾನು ಕೆಂಪು ಶಾಯಿಯಿಂದ ಹೊಡೆದುಹಾಕುತ್ತೇನೆ.

ನನಗೆ ಮಲಗಲು, ಉಣ್ಣಲು ಆಗದಾಯಿತು. ನಾನೇ ಹೇಳಿದ್ದೆನೆಂದು ಒಪ್ಪಿಕೊಂಡು, ಅದು ಸುಳ್ಳು ಎಂದು ಮಗಳಿಗೆ ಹೇಳಿಬಿಟ್ಟರೆ ಮುಗಿಯಿತು. ಆದರೆ ಅದು ಅವಳ ತಾಯಿ ಹೇಳಿದ್ದಾಗಿದ್ದರೆ? ಕೊನೆಯ ತಿಂಗಳುಗಳಲ್ಲಿ, ಕಲಬುರಗಿಯ ಆಸ್ಪತ್ರೆಗೆ ಹೋಗಿಬರುವ ಗಾಡಿಯಲ್ಲಿ, ತನಗೆ ಏನಾಗಲಿದೆ ಎಂದು ತಿಳಿದವಳು ಮಗುವಿಗೆ ಬಿಟ್ಟುಹೋದ ಮಾತು ಅದಾಗಿದ್ದರೆ? ಅದನ್ನು ಸುಳ್ಳೆಂದು ಅಳಿಸಲು ನಾನು ಯಾರು? ಅಳಿಸದಿದ್ದರೆ ಮಗಳು ಮತ್ತೊಂದು ದಿನ ಮತ್ತೊಂದು ನೀರಿಗೆ ಹೋಗುತ್ತಾಳೆ.

ಮತ್ತೊಂದು ನೀರು ಬೇಗನೆ ಬಂತು. ದೀಪಾವಳಿ ಕಳೆದ ವಾರ ಶಾಲೆಯ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಬಂತು: ಐದನೆಯ ತರಗತಿಯ ಮಕ್ಕಳನ್ನು ಒಂದು ದಿನ ಚಂದ್ರಂಪಳ್ಳಿ ಕೆರೆಗೆ ಕರೆದೊಯ್ಯುತ್ತಾರೆ, ಪಾಲಕರು ಒಪ್ಪಿಗೆ ತಿಳಿಸಬೇಕು. ನಾನು ಒಪ್ಪಲಿಲ್ಲ. ಮಗಳು ಅಳುತ್ತಾಳೆ, ಹಟ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ.

"ಎಲ್ಲಾರೂ ಹೋಗ್ಲಿಕತ್ತಾರ," ಎಂದಷ್ಟೇ ಅಂದಳು. ಸ್ವಲ್ಪ ಹೊತ್ತಿನ ಮೇಲೆ ಸಹಜವಾಗಿ ಕೇಳಿದಳು, "ಪಪ್ಪಾ, ಚಂದ್ರಂಪಳ್ಳಿ ನೀರು ಖಣಿಗಿಂತ ಆಳ ಅದ ಏನು?"

ಆ ಪ್ರಶ್ನೆ ಕೇಳಿದ ಮೇಲೆ ನಾನು ಅವಳ ಕೊಠಡಿಯ ಚಿಲಕ ತೆಗೆದುಹಾಕಿದೆ. ಶಾಲೆಯ ಬಾಗಿಲ ತನಕ ಬಿಟ್ಟು, ಒಳಗೆ ಹೋದಳೆಂದು ನೋಡಿ, ಕಾಲೇಜಿನಿಂದ ಎರಡು ಸಲ ಫೋನು ಮಾಡಿ ವಿಚಾರಿಸುತ್ತಿದ್ದೆ. ಓಣಿಯ ಹಾಳು ಬಾವಿಗೆ ತಗಡು ಮುಚ್ಚಿಸಿದೆ. ನಮ್ಮ ಸೀಮೆ ಬಿಸಿಲಿನ ಸೀಮೆಯೆಂದು ಹೇಳಿಕೊಳ್ಳುತ್ತೇವೆ. ಎಲ್ಲಿ ನೋಡಿದರೂ ನೀರಿತ್ತು.

ಅತ್ತೆ ಇದೆಲ್ಲವನ್ನೂ ನೋಡುತ್ತಿದ್ದರು. ಕೊಟ್ಟ ವಾರ ಕಳೆದು ಎಷ್ಟೋ ದಿನವಾಗಿತ್ತು, ಪುಸ್ತಕಗಳ ಮಾತನ್ನು ಅವರು ಎತ್ತಿರಲಿಲ್ಲ. ಒಂದು ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಾಗ ನಾನೇ ಕೇಳಿದೆ.

"ಅತ್ತಿ, ಖರೇ ಹೇಳ್ರಿ. ನಿಮ್ಮ ಮಗಳು ಎಂದಾದರೂ ಈ ಬಾಗಿಲಿನ ಮಾತು ಆಡಿದ್ಳೇನು?"

ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ತಟ್ಟಿದ ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿದ ಮೇಲೆ ಮಾತಾಡಿದರು.

"ಬಾಗಿಲು ಅಂತ ಅಂದಿಲ್ಲ. ಮನಿ ಅಂತಿದ್ಳು."

"ಯಾವ ಮನಿ?"

"ಹೊಳಿಯಾಗ ಮನಿ ಅದ ಅಂತ. ನಮ್ಮಪ್ಪ ಹೇಳ್ತಿದ್ದ. ಮುಳುಗಿದವರು, ಹೋದವರು ಎಲ್ಲಾ ಅಲ್ಲಿ ಇರ್ತಾರ, ಅದಕ್ಕ ಎಡಿ ನೀರಿಗಿ ಬಿಡಬೇಕು ಅಂತ. ನಂಗ ಅಪ್ಪ ಹೇಳಿದ, ನಾ ಆಕಿಗಿ ಹೇಳೀನಿ." ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡರು. "ಈ ಕೂಸಿಗೂ ನಾನೇ ಹೇಳಿರಬೇಕು. ಆಕಿ ಹೋದಾಗ ಭಾಳ ಅತ್ತಿತ್ತು. ಏನಾರ ಹೇಳಬೇಕಿತ್ತಲ್ಲ."

"ಹೇಳಿರಬೇಕು ಅಂದ್ರ? ಹೇಳೀರೋ ಇಲ್ಲೋ?"

"ನಿಮಗ ನೆನಪದೇನು?" ಎಂದು ಅವರು ನನ್ನನ್ನೇ ಕೇಳಿದರು. ಹಂಚಿನ ರೊಟ್ಟಿ ಸೀಯುತ್ತಿತ್ತು. "ಅವತ್ತು ಪುಸ್ತಕಕ್ಕ ಬೈದೆ. ಮನಸಿನ್ಯಾಗ ಹೆದರಿಕಿ ಇತ್ತು, ನನ್ನ ಬಾಯಿಂದೇ ಬಂದದೇನೋ ಅಂತ. ಅದಕ್ಕ ಜೋರು ಬೈದೆ."

ನಾವಿಬ್ಬರೂ ಆ ಬೆಳಿಗ್ಗೆ ಒಬ್ಬರನ್ನೊಬ್ಬರು ನೋಡಿದ್ದು, ಒಂದೇ ಅಪರಾಧವನ್ನು ತಾನೇ ಮಾಡಿದ್ದೇನೆ ಎಂದು ಹೇಳುವ ಇಬ್ಬರಂತೆ. ಯಾರಿಗೂ ಸಾಕ್ಷಿ ಇರಲಿಲ್ಲ. ಹೊಳೆಯ ಮನೆಗೆ ಬಾಗಿಲು ಹಚ್ಚಿದ್ದು ನಾನಿರಬೇಕು. ಬಾಗಿಲಿನೊಳಗೆ ತಾಯಿಯನ್ನು ಕೂರಿಸಿದ್ದು ಅವರಿರಬೇಕು. ಅಥವಾ ನಾವಿಬ್ಬರೂ ಇಟ್ಟ ತುಂಡುಗಳನ್ನು ಮಗು ತಾನೇ ಜೋಡಿಸಿರಬೇಕು, ಚಪ್ಪಲಿಗಳನ್ನು ಜೋಡಿಸಿಟ್ಟ ಹಾಗೆ.

ಆ ಸಂಜೆ ಮಗಳನ್ನು ಎದುರು ಕೂರಿಸಿಕೊಂಡು ಹೇಳಿದೆ. ಬಾಗಿಲು ಇಲ್ಲ. ಪುಸ್ತಕದಲ್ಲಿ ಇಲ್ಲ, ಪಿಚ್ಚರಿನಲ್ಲಿ ಇಲ್ಲ, ಖಣಿಯಲ್ಲಿ ಇಲ್ಲ. ನಾನು ಗಾಡಿಯಲ್ಲಿ ಹೊತ್ತು ಹೋಗಲೆಂದು ಕಟ್ಟಿ ಹೇಳಿದ್ದು. ನನ್ನದು ತಪ್ಪಾಯಿತು.

ಅವಳು ಪೂರ್ತಿ ಕೇಳಿಸಿಕೊಂಡಳು. "ಆಯ್ತು," ಅಂದಳು. ಆಮೇಲೆ, "ಮತ್ತ ಎಲ್ಲಿದ್ದಾಳ?" ಅಂದಳು.

ಎಲ್ಲಿಯೂ ಇಲ್ಲ ಎನ್ನುವುದು ನನ್ನ ಉತ್ತರ. ಹೈದರಾಬಾದಿನಲ್ಲಿ ಐದು ವರ್ಷ ಓದಿ ಸಂಪಾದಿಸಿದ ಉತ್ತರ. ಅದು ಬಾಯಿಗೆ ಬರಲಿಲ್ಲ. ಅವಳು ಎದ್ದು ಹೋಗಿ, ಹೋಮ್‌ವರ್ಕ್ ಮಾಡತೊಡಗಿದಳು. ನನ್ನ ಮಾತನ್ನು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಹಿಂದೆ ಹೇಳಿದ್ದು ಸುಳ್ಳಾದರೆ ಈಗ ಹೇಳಿದ್ದು ಯಾಕೆ ನಿಜವಾಗಬೇಕು?

ಮರುದಿನ ಅತ್ತೆಗೆ, ಎಡೆ ಬಿಡೋಣ ಎಂದೆ. ನಾನು ನಂಬಿ ಹೇಳಿದ್ದಲ್ಲ. ಅವಳು ಒಬ್ಬಳೇ ಹೋಗುವುದಕ್ಕಿಂತ ನಾವು ಕೈ ಹಿಡಿದು ಕರೆದೊಯ್ದರೆ, ಎಲ್ಲರೆದುರು ಒಂದು ಸಲ ಬಿಟ್ಟರೆ, ಅವಳಿಗೆ ಮುಗಿದ ಹಾಗೆ ಆಗಬಹುದು ಎಂಬ ಆಸೆ. ಅತ್ತೆ ಹಂಗಿಸುತ್ತಾರೆಂದುಕೊಂಡಿದ್ದೆ. ಅವರು ಪುಂಡಿ ಸೊಪ್ಪು ಸೋಸಲು ಕೂತರು. ಶಹಾಬಾದಿನಿಂದ ಭಾವಮೈದುನ ಬಂದ. ಶಾಲೆಯ ಮಕ್ಕಳು ಚಂದ್ರಂಪಳ್ಳಿಗೆ ಹೋದ ದಿನವೇ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾಲ್ವರೂ ಸೇಡಂ ಹತ್ತಿರದ ಕಾಗಿಣಾ ಹೊಳೆಗೆ ಇಳಿದೆವು.

ಆ ವರ್ಷ ಹೊಳೆಯಲ್ಲಿ ನೀರು ಬೇಗ ಇಳಿದಿತ್ತು. ಹಾಸುಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಎಮ್ಮೆಗಳು ಆಚೆ ದಂಡೆಯಲ್ಲಿ ಮಲಗಿದ್ದವು. ಅತ್ತೆ ಮುತ್ತುಗದ ಎಲೆಯಲ್ಲಿ ರೊಟ್ಟಿ, ಪಲ್ಯ, ಒಂದು ತುಂಡು ಬೆಲ್ಲ ಇಟ್ಟು ಮಗಳ ಕೈಗೆ ಕೊಟ್ಟರು. ಮಾಮಾ ಒಂದು ಕಡೆ, ನಾನು ಒಂದು ಕಡೆ ನಿಂತೆವು. ಅವಳು ಚಪ್ಪಲಿ ಬಿಚ್ಚಿದಳು. ಅದನ್ನು ನೋಡಿದಾಗ ಅತ್ತೆ ಮುಖ ತಿರುಗಿಸಿದರು.

ಮಗಳು ನೀರಿಗಿಳಿದಳು. ನಾನೂ ಪ್ಯಾಂಟು ಮಡಚಿ ಇಳಿದೆ. ನೀರು ಅವಳ ಮೊಣಕಾಲಿಗೂ ಬರಲಿಲ್ಲ. ನಡುಹೊಳೆಯ ತನಕ ಹೋದೆವು. ಅಲ್ಲೂ ಅಷ್ಟೇ.

"ಬಿಡವ್ವಾ," ಎಂದು ದಂಡೆಯಿಂದ ಅತ್ತೆ ಕೂಗಿದರು. "ಬಿಟ್ಟು ಕೈ ಮುಗಿ."

ಅವಳು ಬಿಡಲಿಲ್ಲ. ಎಲೆಯನ್ನು ಎದೆಗೆ ಹಿಡಿದುಕೊಂಡು ಕಾಲಬುಡದ ನೀರನ್ನು ನೋಡುತ್ತಿದ್ದಳು. ತಳದ ಕಲ್ಲು, ಅದರ ಮೇಲಿನ ಪಾಚಿ, ಅವಳ ಹತ್ತು ಬೆರಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

"ಇಲ್ಲಿ ಬ್ಯಾಡ ಪಪ್ಪಾ," ಅಂದಳು. "ಇಲ್ಲಿ ಎಲ್ಲಾ ಕಾಣಸ್ತದ. ಇಲ್ಲಿ ಯಾರೂ ಇಲ್ಲ."

"ಯಾರೂ ಇಲ್ಲ ಅಂತಲೇ ನಾ ಹೇಳಿದ್ದು."

"ಅದಕ್ಕೇ ಬ್ಯಾಡ ಅಂದೆ," ಅಂದಳು, ನನಗೇ ತಿಳಿಯುತ್ತಿಲ್ಲ ಎಂಬಂತೆ. ಆಮೇಲೆ ತಲೆ ಎತ್ತಿ ಹೊಳೆ ಹರಿದು ಹೋಗುವ ಕಡೆ ನೋಡಿದಳು. "ಮುಂದ ಆಳ ಇರತದ ಅಲ್ಲ? ಶಹಾಬಾದ್ ಕಡಿ?"

ಅವಳ ಮಣಿಕಟ್ಟನ್ನು ಹಿಡಿದುಕೊಂಡೆ. ಎಲೆ ಓರೆಯಾಗಿ ಪಲ್ಯದ ನೀರು ನನ್ನ ಕೈಮೇಲೆ ಹರಿಯಿತು. ದಂಡೆಯ ಮೇಲೆ ಅತ್ತೆ ಏನೋ ಕೇಳುತ್ತಿದ್ದರು, ಭಾವಮೈದುನ ನೀರಿಗಿಳಿದು ನಮ್ಮ ಕಡೆ ಬರುತ್ತಿದ್ದ. ಅವಳಿಗೆ ಏನಾದರೂ ಹೇಳಬೇಕಿತ್ತು. ನಾನು ಏನು ಹೇಳಿದರೂ ಅದು ಅವಳಲ್ಲಿ ಉಳಿಯುತ್ತದೆ, ನನ್ನಲ್ಲಿ ಉಳಿಯುವುದಿಲ್ಲ ಎಂಬ ಹೆದರಿಕೆಯಾಯಿತು.

"ಕೈ ನೋಯ್ಲಿಕತ್ತದ ಪಪ್ಪಾ," ಅಂದಳು. "ಬಿಡು."

ನಾನು ಬಿಡಲಿಲ್ಲ.